ಕೈ ಎತ್ತದ ಯಂತ್ರ

“ಕಂಪ್ಯೂಟರ್‌ನಲ್ಲಿ ಹಾಗಿದೆ.”

ಆ ಲಾಂಡ್ರಿ ಕಾರ್ಖಾನೆಯಲ್ಲಿ ಯಾವ ಜಗಳವೂ ಈ ಮಾತನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ. ಕೇಳಿದ ದಿನ ರಜೆ ಯಾಕೆ ಸಿಗಲಿಲ್ಲ? ಕಂಪ್ಯೂಟರ್‌ನಲ್ಲಿ ಹಾಗಿದೆ. ಬೆಳಗಿನ ಪಾಳಿಯವಳನ್ನು ಹೇಳದೆ ಕೇಳದೆ ಸಂಜೆಗೆ ಯಾಕೆ ಎತ್ತಿ ಹಾಕಿದಿರಿ? ಕಂಪ್ಯೂಟರ್‌ನಲ್ಲಿ ಹಾಗಿದೆ. ಒಣಗಿಸುವ ಡ್ರಮ್ಮು ಮೊದಲೆಲ್ಲ ಬಟ್ಟೆ ತಣಿದ ಮೇಲೆ ಬಾಗಿಲು ತೆರೆಯುತ್ತಿತ್ತು. ಈಗ ಕೆಂಡದಂಥ ಹಾಸುಬಟ್ಟೆಯನ್ನು ಉಗುಳಿ ಹೆಂಗಸರ ಮುಂಗೈ ಸುಡುತ್ತಿದೆಯಲ್ಲ, ಯಾಕೆ? ಅದಕ್ಕೂ ಅದೇ ಉತ್ತರ. ಮನುಷ್ಯ ಮಾಡಿದ ಅನ್ಯಾಯವಾದರೆ ಮುಖಕ್ಕೆ ಹೊಡೆದ ಹಾಗೆ ನಾಲ್ಕು ಮಾತು ಆಡಬಹುದು. ಗಾಜಿನ ಕೋಣೆಯೊಳಗೆ ದೀಪ ಮಿಟುಕಿಸುತ್ತ ಕುಳಿತ ಪೆಟ್ಟಿಗೆಗೆ ಬೈದರೆ ಬೈದವಳೇ ಪೆದ್ದಿ. ಅದು ಮ್ಯಾನೇಜರಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು ಆ ಪೆಟ್ಟಿಗೆಯ ಬೆನ್ನ ಹಿಂದೆ ಆರಾಮಾಗಿ ನಿಂತಿದ್ದ.

ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಏನಿದೆ ಎಂದು ನೋಡಿಯೇ ಬಿಡಬೇಕು ಎಂಬ ಹಟ ಹುಟ್ಟಿದ್ದು ಅತ್ತಿಗೆಗೆ. ಅವಳು ಬಟ್ಟೆ ಮಡಚುವ ಮೇಜಿನವಳು. ಕೆಲಸಕ್ಕೆ ಕರೆತಂದವಳು ಗಂಡನ ತಂಗಿ; ಆ ನಾದಿನಿ ಮೊದಲ ದಿನವೇ ಇಡೀ ಶೆಡ್ಡಿಗೆ ಕೇಳುವಂತೆ “ಅತ್ತಿಗೇ!” ಎಂದು ಕೂಗಿದ್ದೇ ಕೂಗಿದ್ದು, ಬಾಯ್ಲರ್ ನೋಡಿಕೊಳ್ಳುವ ನರೆತಲೆಯ ಅಣ್ಣನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಅತ್ತಿಗೆಯೇ ಆಗಿಹೋದಳು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಕಾರ್ಡಿನೊಳಗೆ ಸುಮ್ಮನೆ ಮಲಗಿತ್ತು.

ಗಾಜಿನ ಕೋಣೆಯ ಬಾಗಿಲು ಅವಳಿಗೆ ಪುಕ್ಕಟೆ ತೆರೆಯಲಿಲ್ಲ. ಪಾಳಿ ಪಾಳಿಯವರೆಲ್ಲ ಕೈಕಟ್ಟಿ ಕುಳಿತು, ಒಗೆಯದ ಆಸ್ಪತ್ರೆ ಬಟ್ಟೆ ಗೋಡೆಯೆತ್ತರ ಬೆಳೆದು ನಾತ ಹೊಡೆದ ಮೇಲೆ ಆದ ಒಪ್ಪಂದದಲ್ಲಿ ಅದೊಂದು ಷರತ್ತು: ಯಂತ್ರಗಳಿಗೆ ಆಜ್ಞೆ ತುಂಬುವ ಮೇಜಿಗೆ ನೆಲದ ಕೆಲಸದವರಲ್ಲಿ ಒಬ್ಬರನ್ನು ತರಬೇತಿ ಕೊಟ್ಟು ಕೂರಿಸಬೇಕು. ಮ್ಯಾನೇಜರು ಒಪ್ಪಿದ, ಆದರೆ ಷರತ್ತಿಗೆ ತನ್ನದೊಂದು ಬಾಲ ಕಟ್ಟಿದ. ಪರೀಕ್ಷೆ ಒಂದೇ ಸಲ. ಪಾಸಾದರೆ ಕುರ್ಚಿ ಅವರದು. ಫೇಲಾದರೆ ಆ ಕುರ್ಚಿಗೆ ಹೊರಗಿನವರು ಬರುತ್ತಾರೆ, ಮತ್ತೆ ಆ ಮಾತು ಎತ್ತುವಂತಿಲ್ಲ. ಸಭೆಯಲ್ಲಿ ಎಲ್ಲರ ಬೆರಳೂ ಅತ್ತಿಗೆಯ ಕಡೆ ತಿರುಗಿತು. ಸೋತರೆ ಸೋಲುವುದು ಅವಳೊಬ್ಬಳೇ ಅಲ್ಲ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

“ನಮ್ಮ ಅತ್ತಿಗೆ ಓದೋದ್ರಲ್ಲಿ ಹುಲಿ,” ಎಂದಳು ನಾದಿನಿ. “ಮನೇಲಿ ಉಪ್ಪಿನ ಪ್ಯಾಕೆಟ್ ತಂದ್ರೂ ಹಿಂದೆ ಮುಂದೆ ಓದಿ ಮುಗಿಸೋವರೆಗೂ ಒಲೆ ಹಚ್ಚಲ್ಲ.”

ಓದಿನ ಹುಚ್ಚು ಹತ್ತಿಸಿದ್ದು ದೊಡ್ಡಮ್ಮನ ಓದುಕೂಟ. ದೊಡ್ಡಮ್ಮ ಮಡಿಕೆ ಮೇಜಿನ ಎಲ್ಲರಿಗಿಂತ ಹಿರಿಯಳು. ವಾರಕ್ಕೊಮ್ಮೆ ಪಾಳಿ ಮುಗಿದ ಮೇಲೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದ ಕಾಲದ ಹಳೆಯ ಶೆಡ್ಡಿನಲ್ಲಿ ಹತ್ತು ಹನ್ನೆರಡು ಜನ ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಿದ್ದರು. ಒಬ್ಬರು ಜೋರಾಗಿ ಓದಬೇಕು. ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ: ಯಾರಿಗೆ ಯಾವ ಸಾಲು ಅರ್ಥವಾಗಲಿಲ್ಲವೋ ಅವರು ಕೈ ಎತ್ತಬೇಕು, ಎತ್ತಿದ ಕೈ ತಾನಾಗಿ ಇಳಿಯುವವರೆಗೆ ಓದು ಮುಂದೆ ಹೋಗಕೂಡದು. ಎಷ್ಟು ಹೊತ್ತಾದರೂ ಸರಿ. ಕಾರ್ಮಿಕ ಕಾನೂನಿನ ಒಂದು ಸಾಲಿಗೆ ಒಂದು ಸಂಜೆಯಿಡೀ ಹೋದದ್ದಿದೆ. ಬರೆದವನು ಏನು ಹೇಳಿದ, ಏನು ಹೇಳದೆ ನುಂಗಿಕೊಂಡ, ಯಾರನ್ನು ಮೆಚ್ಚಿಸಲು ಬರೆದ — ಇದೆಲ್ಲ ಕೆದಕದೆ ಪುಟ ತಿರುಗಿಸಿದರೆ ದೊಡ್ಡಮ್ಮನ ಕಣ್ಣು ಕೆಂಪಾಗುತ್ತಿತ್ತು.

ಹೀಗೆ ಪಳಗಿದ ಅತ್ತಿಗೆ ತರಬೇತಿಗೆ ಹೋದದ್ದು ಎದೆ ಉಬ್ಬಿಸಿಕೊಂಡೇ.

ಕಲಿಸಲು ಹೊರಗಿನಿಂದ ಬಂದ ಮೇಡಂ ಕಡ್ಡಿ ಮುರಿದಂತೆ ಮಾತಾಡುವ ಎತ್ತರದ ಹೆಂಗಸು. ಮೊದಲ ದಿನವೇ ಪರದೆ ಆರಿಸಿಬಿಟ್ಟಳು.

“ಈ ಬಣ್ಣದ ಗುಂಡಿಗಳೆಲ್ಲ ಮೇಲಿನ ಅಲಂಕಾರ. ಗುಂಡಿ ಒತ್ತೋದು ಒಂದು ಗಂಟೇಲಿ ಕಲೀಬಹುದು. ನೀವು ಅಷ್ಟಕ್ಕೇ ಬಂದಿದ್ದೀರೋ, ಒಳಗೆ ಏನು ನಡಿಯತ್ತೆ ಅಂತ ತಿಳ್ಕೊಳ್ಳೋಕೆ ಬಂದಿದ್ದೀರೋ?”

“ಒಳಗಿಂದೇ ಬೇಕು.”

“ಹಾಗಾದ್ರೆ ಕೇಳಿ. ಈ ಪೆಟ್ಟಿಗೆ ಒಳಗಿರೋ ಪ್ರೊಸೆಸರ್ ಅನ್ನೋದು ಬುದ್ಧಿವಂತ ಅಲ್ಲ. ಬಹಳ ಚುರುಕು, ಬಹಳ ದಡ್ಡ. ಅದರ ಮುಂದೆ ಸಾಲಾಗಿ ಗೂಡುಗಳಿವೆ, ಅದೇ ಮೆಮೊರಿ. ಒಂದೊಂದು ಗೂಡಲ್ಲಿ ಒಂದೊಂದು ಅಂಕಿ. ಅದಕ್ಕೊಂದು ಬೆರಳಿದೆ. ಬೆರಳು ತೋರಿಸಿದ ಗೂಡಲ್ಲಿರೋದನ್ನ ಎತ್ಕೊಳ್ಳತ್ತೆ, ಅದು ಯಾವ ಆಜ್ಞೆ ಅಂತ ನೋಡತ್ತೆ, ಮಾಡತ್ತೆ. ಬೆರಳು ಮುಂದಿನ ಗೂಡಿಗೆ. ಎತ್ಕೊ, ನೋಡು, ಮಾಡು. ಕರೆಂಟ್ ಇರೋವರೆಗೂ ಇಷ್ಟೇ ಅದರ ಬಾಳು.”

“ಅಷ್ಟೇನಾ?”

“ಅಷ್ಟೇ. ಜೊತೆಗೆ ಒಂದು ಬೊಗಸೆ ಇದೆ. ರಿಜಿಸ್ಟರ್ ಅಂತೀವಿ. ಒಂದು ಸಲಕ್ಕೆ ಒಂದೇ ಅಂಕಿ ಹಿಡಿಯತ್ತೆ. ಕೂಡೋದು ಕಳೆಯೋದು ಎಲ್ಲ ಆ ಬೊಗಸೇಲೇ.”

ಕಲಿಯುವವರಿಗೆಂದು ಮೇಡಂ ತಾನೇ ಒಂದು ಪುಟ್ಟ ಆಜ್ಞಾಭಾಷೆ ಮಾಡಿಕೊಟ್ಟಳು. ಎರಡು ಅಂಕಿಯ ಚೀಟಿ. ಮೊದಲ ಅಂಕಿ ಏನು ಮಾಡಬೇಕು ಎಂಬುದು, ಎರಡನೆಯದು ಯಾವ ಗೂಡು ಎಂಬುದು. ಒಂದು ಎಂದರೆ ಬೊಗಸೆಗೆ ತಾ. ಎರಡು ಎಂದರೆ ಕೂಡು. ಮೂರು ಎಂದರೆ ಬೊಗಸೆಯಲ್ಲಿರುವುದನ್ನು ಗೂಡಿಗೆ ಇಡು. ಹದಿನಾಲ್ಕು ಎಂದು ಬರೆದಿದ್ದರೆ ನಾಲ್ಕನೆಯ ಗೂಡಿನದ್ದನ್ನು ತಾ ಎಂದರ್ಥ. ಕಳೆಯುವುದಕ್ಕೆ ಒಂದು ಅಂಕಿ, ಬೆರಳನ್ನು ಬೇರೆ ಗೂಡಿಗೆ ಹಾರಿಸುವುದಕ್ಕೆ ಒಂದು, ಬೊಗಸೆ ಸೊನ್ನೆಯಾಗಿದ್ದರೆ ಮಾತ್ರ ಹಾರಿಸುವುದಕ್ಕೆ ನಾಲ್ಕು, ನಿಲ್ಲುವುದಕ್ಕೆ ಮತ್ತೊಂದು.

ಇದೇನು ಮಹಾ, ಎಂದುಕೊಂಡಳು ಅತ್ತಿಗೆ. ಆ ದಿನದ ಅಭ್ಯಾಸದಲ್ಲಿ ಬರೆದದ್ದೆಲ್ಲ ತಪ್ಪು.

ಐದನೆಯ ಗೂಡಿನಲ್ಲಿ ಎಂಟಿದೆ. ಅದನ್ನು ಬೊಗಸೆಗೆ ತಂದು ಒಂದು ಕಳೆ. ಈಗ ಐದನೆಯ ಗೂಡಿನಲ್ಲಿ ಎಷ್ಟು? ಅವಳು ಏಳು ಎಂದು ಬರೆದಿದ್ದಳು. ಮೇಡಂ ಅದರ ಮೇಲೆ ಗೀಟು ಹಾಕಿ ಎಂಟು ಎಂದು ಬರೆದಳು.

“ಎಂಟರಲ್ಲಿ ಒಂದು ಕಳೆದ್ರೆ ಏಳಲ್ವಾ?”

“ಬೊಗಸೇಲಿ ಏಳು. ಗೂಡಲ್ಲಿ ಎಂಟು ಹಾಗೇ ಇದೆ.”

“ತಗೊಂಡು ಬಂದಮೇಲೆ ಅಲ್ಲಿ ಹೇಗೆ ಇರತ್ತೆ?”

ಮೇಡಂ ಮುಂದಿನ ಲೆಕ್ಕಕ್ಕೆ ಹೋದಳು. ಮಿಕ್ಕ ಲೆಕ್ಕಗಳಲ್ಲೂ ಅದೇ ಪಾಡು. ಒಂದು ಕಡೆ ಆಜ್ಞೆ ಅರ್ಧಕ್ಕೇ ನಿಂತಿತ್ತು. ಅತ್ತಿಗೆ ಉಳಿದರ್ಧವನ್ನು ಮನಸ್ಸಿನಲ್ಲೇ ತುಂಬಿ ಉತ್ತರ ಬರೆದಿದ್ದಳು. ಇನ್ನೊಂದು ಕಡೆ ಬೆರಳು ತಪ್ಪು ಗೂಡಿಗೆ ಹಾರುತ್ತಿತ್ತು. ಅವಳು ಅದನ್ನು ಸರಿಯಾದ ಗೂಡಿಗೆ ಹಾರಿಸಿದ್ದಳು.

“ಬರೆದವರ ಉದ್ದೇಶ ಅದೇ ಅಲ್ವಾ ಮೇಡಂ? ಎಂಥವರಿಗೂ ಗೊತ್ತಾಗತ್ತೆ.”

“ಎಂಥವರಿಗೂ ಗೊತ್ತಾಗತ್ತೆ. ಅದಕ್ಕೆ ಗೊತ್ತಾಗಲ್ಲ. ನೀವು ಓದ್ತಾ ಇದ್ದೀರಿ. ಓದಬೇಡಿ. ಮಾಡಿ.”

ಓದಬೇಡಿ! ಅಕ್ಷರವನ್ನು ಹಲ್ಲು ಕಚ್ಚಿ ಗೆದ್ದವಳ ಕಿವಿಗೆ ಇದಕ್ಕಿಂತ ಕೆಟ್ಟ ಬೈಗುಳ ಬೇರೆ ಇರಲಾರದು. ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಿಗೆಯ ಮುಖ ಗಂಟು. ಪಕ್ಕದಲ್ಲಿ ನಾದಿನಿ.

“ಏನಂತೆ? ಹುಲಿ ಬೋನಿಗೆ ಬಿತ್ತಾ?”

“ಬಾಯ್ಮುಚ್ಕೊಂಡು ನಡಿಯೇ.”

“ಮುಚ್ಕೋತೀನಿ ಬಿಡು. ಆದ್ರೆ ನೀನು ಫೇಲಾದ್ರೆ ನನ್ನ ಈ ಕೈಗೆ ನೀನೇ ಉತ್ತರ ಹೇಳ್ಬೇಕು.” ನಾದಿನಿ ತೋಳು ಮಡಿಸಿ ತೋರಿಸಿದಳು. ಮೊಣಕೈವರೆಗೂ ಸುಟ್ಟ ಕೆಂಪು ಪಟ್ಟೆಗಳು, ಹಳೆಯದರ ಮೇಲೆ ಹೊಸದು. ನಗುತ್ತಲೇ ತೋರಿಸಿದಳು. ಅತ್ತಿಗೆಗೆ ನಗು ಬರಲಿಲ್ಲ.

ವಾರದ ಓದುಕೂಟದ ದಿನ ಅವಳು ಪುಸ್ತಕ ತೆರೆಯಲಿಲ್ಲ. “ಇವತ್ತು ಓದೋದು ಬೇಡ ದೊಡ್ಡಮ್ಮ. ಇವತ್ತು ನಾವೆಲ್ಲ ಸೇರ್ಕೊಂಡು ಪ್ರೊಸೆಸರ್ ಆಗೋಣ.”

“ಏನಾಗೋದು?” ಎಂದ ಬಾಯ್ಲರಣ್ಣ.

“ಆ ಪೆಟ್ಟಿಗೆ ಒಳಗಿರೋ ದಡ್ಡ.”

“ಓ, ಅದಕ್ಕೆ ನಾನು ತಯಾರಾಗೇ ಬಂದಿದ್ದೀನಿ ಬಿಡು,” ಎಂದು ಅವನು ಎದ್ದು ನಿಂತ.

ಹಳೆಯ ಹಗ್ಗವೇ ಮೆಮೊರಿಯಾಯಿತು. ಅದರ ಮೇಲೆ ಸಾಲಾಗಿ ಕ್ಲಿಪ್ಪು, ಒಂದೊಂದು ಕ್ಲಿಪ್ಪಿಗೆ ಒಂದೊಂದು ಚೀಟಿ. ಅತ್ತಿಗೆ ಬೆರಳು: ಹಗ್ಗದ ಪಕ್ಕ ನಡೆಯುತ್ತ ಚೀಟಿ ಓದಿ ಕೂಗುವವಳು. ನಾದಿನಿ ಬೊಗಸೆ: ಸೋಪುಪುಡಿ ಡಬ್ಬದ ಮುಚ್ಚಳವೂ ಸೀಮೆಸುಣ್ಣವೂ ಅವಳ ಕೈಗೆ. ಹಗ್ಗಕ್ಕೂ ಬೊಗಸೆಗೂ ನಡುವೆ ಓಡಾಡುವವನು ಬಾಯ್ಲರಣ್ಣ. ದೊಡ್ಡಮ್ಮ ಬಕೆಟ್ ಬೋರಲು ಹಾಕಿಕೊಂಡು ಸೌಟು ಹಿಡಿದಳು. ಅವಳು ಒಂದು ಸಲ ಬಡಿದರೆ ಒಂದು ಹೆಜ್ಜೆ, ಬಡಿಯದೆ ಯಾರೂ ಅಲುಗಾಡುವಂತಿಲ್ಲ. ಯಂತ್ರಕ್ಕೂ ಇಂಥದ್ದೊಂದು ತಾಳವಿದೆ, ಅದು ನಮ್ಮ ಎಣಿಕೆಗೆ ಸಿಗದಷ್ಟು ಬೇಗ ಬಡಿಯುತ್ತದೆ ಎಂದು ಮೇಡಂ ಹೇಳಿದ್ದಳು.

“ಏನು ಲೆಕ್ಕ ಹಾಕೋಣ?” ಎಂದಳು ಅತ್ತಿಗೆ.

“ನನ್ನ ವಯಸ್ಸು, ನನ್ನ ಮಗಳ ವಯಸ್ಸು ಕೂಡು,” ಎಂದಳು ನಾದಿನಿ. “ನಂದು ಮೂವತ್ತೊಂದು, ಅವಳದ್ದು ಹನ್ನೆರಡು. ಕಂಪ್ಯೂಟರ್ ಎದುರಿಗೆ ಸುಳ್ಳು ಹೇಳಲ್ಲಪ್ಪ.”

ನಾಲ್ಕನೆಯ ಕ್ಲಿಪ್ಪಿಗೆ ಮೂವತ್ತೊಂದು, ಐದನೆಯದಕ್ಕೆ ಹನ್ನೆರಡು ನೇತುಬಿದ್ದವು. ಆರನೆಯದು ಉತ್ತರಕ್ಕೆಂದು ಖಾಲಿ. ಮೊದಲ ಮೂರು ಕ್ಲಿಪ್ಪುಗಳಲ್ಲಿ ಆಜ್ಞೆಗಳು: ನಾಲ್ಕರದ್ದನ್ನು ತಾ, ಐದರದ್ದನ್ನು ಕೂಡು, ಆರಕ್ಕೆ ಇಡು.

ದೊಡ್ಡಮ್ಮ ಬಡಿದಳು. ಅತ್ತಿಗೆ ಮೊದಲ ಚೀಟಿ ಓದಿದಳು: “ಒಂದು, ನಾಲ್ಕು. ನಾಲ್ಕರದ್ದನ್ನು ತಾ!”

ಬಾಯ್ಲರಣ್ಣ ಕೈ ಎತ್ತಿದ. “ಯಾಕೆ ತರಬೇಕು? ಇವಳೇ ಎದ್ದು ಬಂದು ನೋಡಿದ್ರೆ ಆಗಲ್ವಾ?”

ಕಟ್ಟಳೆ ಕಟ್ಟಳೆಯೇ. ಎಲ್ಲ ನಿಂತಿತು. ಅವನಿಗೆ ವಿವರಿಸುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ: ಕೂಡಿ ಏನು ಸಿಗತ್ತೆ? ಅದು ಇಳಿಯುವಷ್ಟರಲ್ಲಿ ಮತ್ತೊಂದು. ಶೆಡ್ಡಿನ ತುಂಬ ಕೈಗಳು. ಒಂದು ಆಜ್ಞೆಯೂ ಮುಗಿಯಲಿಲ್ಲ.

ಅತ್ತಿಗೆ ಎರಡು ಹೆಜ್ಜೆ ಹಿಂದೆ ಸರಿದು ಆ ಕೈಗಳನ್ನೇ ನೋಡುತ್ತ ನಿಂತಳು. ಆಮೇಲೆ ಹೇಳಿದಳು: “ಅದು ಕೈ ಎತ್ತಲ್ಲ.”

“ಯಾವ್ದು?”

“ಪ್ರೊಸೆಸರ್ರು. ಅದಕ್ಕೆ ಯಾಕೆ ಅಂತ ಕೇಳೋ ಅಂಗವೇ ಇಲ್ಲ. ಚೀಟೀಲಿ ಏನಿದೆಯೋ ಅದು. ಅದಕ್ಕೇ ಅದು ಅಷ್ಟು ಬೇಗ.”

ದೊಡ್ಡಮ್ಮ ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. “ಈ ಕೂಟದಲ್ಲಿ ಕೈ ಎತ್ತಬೇಡಿ ಅಂತ ನಾನು ಇವತ್ತಿನವರೆಗೂ ಹೇಳಿಲ್ಲ,” ಎಂದಳು. “ಇವತ್ತೊಂದು ದಿನ ಹೇಳ್ತೀನಿ. ಎಲ್ಲರೂ ಕೈ ಕಟ್ಕೊಳ್ಳಿ. ಹೇಗಿರತ್ತೆ ನೋಡೇಬಿಡೋಣ.”

ಮತ್ತೆ ಬಕೆಟ್ಟಿನ ಸದ್ದು. ನಾಲ್ಕರದ್ದನ್ನು ತಾ! ಬಾಯ್ಲರಣ್ಣ ಓಡಿದ, ನಾಲ್ಕನೆಯ ಕ್ಲಿಪ್ಪು ತೆರೆದು ಚೀಟಿ ಕಿತ್ತುಕೊಂಡು ಬಂದು ನಾದಿನಿಯ ಮುಂದೆ ಹಿಡಿದ. ಕ್ಲಿಪ್ಪು ಖಾಲಿ ಬಾಯಿ ಬಿಟ್ಟುಕೊಂಡಿತು.

“ಅಯ್ಯೋ!” ಎಂದಳು ಅತ್ತಿಗೆ. ಕೂಗಿದ್ದು ಅವನ ಮೇಲಲ್ಲ. ಮೇಡಂ ಹಾಕಿದ ಗೀಟು ಕಣ್ಣ ಮುಂದೆ ಬಂದಿತ್ತು. ತಾವೆಲ್ಲ ಹುಟ್ಟಾ ಹಗ್ಗದಿಂದ ಬಟ್ಟೆ ಎತ್ತಿದವರು. ತರುವುದೆಂದರೆ ಎತ್ತಿ ತರುವುದು. ಎತ್ತಿದ ಮೇಲೆ ಹಗ್ಗ ಬರಿದು. ಮೈಗೆ ಹತ್ತಿದ ಆ ಕೆಲಸವೇ ಅವಳ ಕೈಯಲ್ಲಿ ಏಳು ಎಂದು ಬರೆಸಿತ್ತು. “ಅಣ್ಣಾ, ಅದನ್ನ ಅಲ್ಲೇ ಸಿಕ್ಸಿ ಬನ್ನಿ. ತರೋದು ಅಂದ್ರೆ ಕೀಳೋದಲ್ಲ. ನೋಡ್ಕೊಂಡು ಬಂದು ಇವಳ ಕಿವೀಲಿ ಹೇಳೋದು. ಇವಳು ಬರ್ಕೋತಾಳೆ. ಹಗ್ಗದ್ದು ಹಗ್ಗದಲ್ಲೇ ಇರತ್ತೆ. ಇವಳು ಮುಚ್ಚಳದ ಮೇಲೆ ಏನೇ ಕುಣಿದಾಡಲಿ, ಹಗ್ಗಕ್ಕೆ ಅದರ ಸುದ್ದಿಯೇ ಇಲ್ಲ. ವಾಪಸ್ ಇಡು ಅಂತ ಬೇರೆ ಚೀಟಿ ಹೇಳೋವರೆಗೂ ಇಲ್ಲ.”

“ಅಂದ್ರೆ ನಾನು ಎಷ್ಟು ದುಡಿದ್ರೂ ಯಾರಿಗೂ ಗೊತ್ತಾಗಲ್ಲ,” ಎಂದಳು ನಾದಿನಿ. “ಇದು ನಮ್ಮ ಮನೆ ಥರಾನೇ ಇದೆ.”

ಈಗ ಸರಾಗವಾಗಿ ನಡೆಯಿತು. ತಂದರು, ಕೂಡಿದರು. ನಾದಿನಿ ಮುಚ್ಚಳ ಒರೆಸಿ ನಲವತ್ತಮೂರು ಎಂದು ಬರೆದಳು. ಬಾಯ್ಲರಣ್ಣ ಅದನ್ನು ಚೀಟಿಯಲ್ಲಿ ಬರೆದು ಆರನೆಯ ಕ್ಲಿಪ್ಪಿಗೆ ಸಿಕ್ಕಿಸಿದ. ಚಪ್ಪಾಳೆ ಬಿತ್ತು. ಆದರೆ ದೊಡ್ಡಮ್ಮನಿಗೆ ಬಡಿಯುವ ಹುಮ್ಮಸ್ಸು ಹತ್ತಿಬಿಟ್ಟಿತ್ತು. ಸೌಟು ಮತ್ತೆ ಬಕೆಟ್ಟಿನ ಮೇಲೆ ಬಿತ್ತು.

ಅತ್ತಿಗೆಯ ಕಾಲು ನಾಲ್ಕನೆಯ ಕ್ಲಿಪ್ಪಿಗೆ ಹೆಜ್ಜೆ ಹಾಕಿತು. ನಿಲ್ಲು ಎಂಬ ಚೀಟಿ ಬರೆಯುವುದನ್ನೇ ಎಲ್ಲರೂ ಮರೆತಿದ್ದರು. ಅವಳೆದುರು ನಾದಿನಿಯ ವಯಸ್ಸು ತೂಗಾಡುತ್ತಿತ್ತು. ಇದು ಆಜ್ಞೆಯಲ್ಲ, ವಯಸ್ಸು, ಎಂದು ಹೇಳಲು ಬಾಯಿ ತೆರೆದಳು. ಓದಬೇಡಿ, ಮಾಡಿ.

“ಮೂರು, ಒಂದು,” ಎಂದು ಕೂಗಿದಳು. “ಬೊಗಸೇಲಿರೋದನ್ನ ಒಂದನೇ ಕ್ಲಿಪ್ಪಿಗೆ ಇಡು!”

“ಏನು?” ಎಂದಳು ನಾದಿನಿ.

“ಇಡು ಅಂದ್ರೆ ಇಡು!”

ಬಾಯ್ಲರಣ್ಣ ನಲವತ್ತಮೂರು ಎಂದು ಬರೆದು ಮೊದಲ ಕ್ಲಿಪ್ಪಿಗೆ ಹಾಕಿದ. ಅಲ್ಲಿದ್ದ ಮೊದಲ ಆಜ್ಞೆ ಕಸದ ಬುಟ್ಟಿ ಸೇರಿತು. ಮುಂದಿನ ಬಡಿತ. ಮಗಳ ವಯಸ್ಸು: ಒಂದು, ಎರಡು. ಎರಡರದ್ದನ್ನು ತಾ! ತಂದ. ಉತ್ತರವೂ ಆಜ್ಞೆಯಾಯಿತು: ನಾಲ್ಕು, ಮೂರು. ಬೊಗಸೆ ಸೊನ್ನೆಯಾಗಿದ್ದರೆ ಮೂರಕ್ಕೆ ಹಾರು. ಸೊನ್ನೆಯಾಗಿರಲಿಲ್ಲ, ಹಾರಲಿಲ್ಲ. ಅದರಾಚೆ ಬರಿಯ ಹಗ್ಗ. ಅತ್ತಿಗೆ ಗೋಡೆಗೆ ಹೋಗಿ ಡಿಕ್ಕಿ ಹೊಡೆದು ನಿಂತಳು.

ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಮನೇಲಿ ನನ್ನ ಮಾತು ನಾಯಿ ಕೂಡ ಕೇಳಲ್ಲ,” ನಾದಿನಿಗೆ ನಗು ತಡೆಯಲಾಗುತ್ತಿರಲಿಲ್ಲ, “ಇಲ್ಲಿ ನೋಡಿದ್ರೆ ನನ್ನ ವಯಸ್ಸು ಆಜ್ಞೆ ಮಾಡ್ತಾ ಇದೆ!”

ಅತ್ತಿಗೆ ನಗಲಿಲ್ಲ. ಹಗ್ಗದ ಹತ್ತಿರ ಹೋಗಿ ಮೂವತ್ತೊಂದು ಎಂಬ ಚೀಟಿಯನ್ನು ಬೆರಳಲ್ಲಿ ಮುಟ್ಟಿದಳು. ಅದೇ ಕಾಗದ, ಅದೇ ಕ್ಲಿಪ್ಪು, ಅದೇ ಹಗ್ಗ. ಇದು ಒಬ್ಬ ಹೆಂಗಸು ಬಾಳಿದ ವರ್ಷಗಳು, ಇದು ಯಾರೋ ಬರೆದ ಆಜ್ಞೆ ಎಂದು ಚೀಟಿಯ ಮೈಮೇಲೆ ಎಲ್ಲೂ ಬರೆದಿಲ್ಲ. ಬೆರಳು ಬಂದು ನಿಂತರೆ ಆಜ್ಞೆ, ಇಲ್ಲದಿದ್ದರೆ ವಯಸ್ಸು. ಹಾಗಾದರೆ ಡ್ರಮ್ಮು ತಣಿಯುವ ಹೊತ್ತೂ ಹೀಗೇ ಎಲ್ಲೋ ಒಂದು ಕ್ಲಿಪ್ಪಿನಲ್ಲಿ ತೂಗಾಡುತ್ತಿರುವ ಒಂದು ಅಂಕಿ. ಪೆಟ್ಟಿಗೆ ಅದನ್ನು ಯೋಚಿಸಿ ಕಂಡುಹಿಡಿದದ್ದಲ್ಲ. ಪೆಟ್ಟಿಗೆಗೆ ಯೋಚನೆಯೇ ಇಲ್ಲ. ಯಾರೋ ನಡೆದುಬಂದು ಹಳೆಯ ಚೀಟಿ ತೆಗೆದು ಹೊಸ ಚೀಟಿ ಸಿಕ್ಕಿಸಿ ಹೋಗಿದ್ದಾರೆ.

“ಕಂಪ್ಯೂಟರ್‌ನಲ್ಲಿ ಹಾಗಿಲ್ಲ,” ಎಂದಳು ಅವಳು, ತನಗೇ ಹೇಳಿಕೊಂಡ ಹಾಗೆ. “ಅದರಲ್ಲಿ ಹಾಗೆ ಇಟ್ಟಿದ್ದಾರೆ.”

ನಗು ನಿಂತಿತು. ನಾದಿನಿ ತನಗರಿವಿಲ್ಲದೆ ಮುಂಗೈ ಉಜ್ಜಿಕೊಂಡಳು.

ಪರೀಕ್ಷೆ ಗಾಜಿನ ಕೋಣೆಯಲ್ಲಿ. ಆ ಹೊತ್ತಿಗೆ ಅತ್ತಿಗೆಗೆ ನಿತ್ಯ ಹಗ್ಗದ ಪಕ್ಕ ನಡೆದೂ ನಡೆದೂ ತಾಳ ಕಾಲಿಗೆ ಇಳಿದಿತ್ತು. ಹೆದರಿಕೆ ಇರಲಿಲ್ಲ ಎಂದಲ್ಲ. ಹೆದರಿಕೆಯನ್ನು ಬೋರಲು ಬಕೆಟ್ಟಿನಂತೆ ಕೆಳಗೆ ಹಾಕಿಕೊಂಡು ಅದರ ಮೇಲೆ ಕುಳಿತಿದ್ದಳು. ಮ್ಯಾನೇಜರು ಕಿಟಕಿಗೆ ಒರಗಿ ನಿಂತಿದ್ದ. ಗಾಜಿನಾಚೆ ಡ್ರಮ್ಮುಗಳು ಉರುಳುತ್ತಿದ್ದವು, ಮಡಿಕೆ ಮೇಜಿನಿಂದ ಕಣ್ಣುಗಳು ಎದ್ದೆದ್ದು ಇತ್ತಲೇ ನೋಡುತ್ತಿದ್ದವು.

ಮೇಡಂ ಒಂದು ಹಾಳೆ ಮುಂದಿಟ್ಟಳು. ಮೇಲೆ ದಪ್ಪಕ್ಷರದಲ್ಲಿ ‘ತಣಿದ ಮೇಲೆ ಬಾಗಿಲು ತೆರೆಯುವುದು’. ಕೆಳಗೆ ಗೂಡುಗಳು. “ಇದನ್ನ ನಡೆಸಿ. ಬಾಗಿಲು ಯಾವಾಗ ತೆರೆಯತ್ತೆ ಬರೀರಿ.”

ಒಂದನೆಯ ಗೂಡು: ಎಂಟರದ್ದನ್ನು ತಾ. ಎಂಟರಲ್ಲಿ ಕಾಯಬೇಕಾದ ಸುತ್ತುಗಳು, ಮೂರು. ಎರಡನೆಯದು: ಒಂಬತ್ತರದ್ದನ್ನು ಕಳೆ. ಒಂಬತ್ತರಲ್ಲಿ ಒಂದು. ಮೂರನೆಯದು: ಸೊನ್ನೆಯಾದರೆ ಐದಕ್ಕೆ ಹಾರು. ನಾಲ್ಕನೆಯದು: ಒಂದಕ್ಕೆ ಹಾರು. ಐದನೆಯದು: ಬಾಗಿಲು ತೆರೆ. ಆರನೆಯದು: ನಿಲ್ಲು.

ಕಣ್ಣು ಓಡಿಸಿದ ಕೂಡಲೇ ಅರ್ಥವಾಗಿಬಿಟ್ಟಿತು. ಮೂರರಿಂದ ಒಂದೊಂದೇ ಇಳಿಸುತ್ತ ಬರುವುದು, ಸೊನ್ನೆಯಾದಾಗ ಬಾಗಿಲು. ಮೂರು ಸುತ್ತು ಎಂದು ಬರೆಯಲು ಪೆನ್ನು ಬಾಗಿತು. ಅಷ್ಟರಲ್ಲಿ ಕಿವಿಯೊಳಗೆ ಬಕೆಟ್ಟಿನ ಸದ್ದು. ಅವಳು ಪೆನ್ನು ಕೆಳಗಿಟ್ಟು ತೋರುಬೆರಳನ್ನು ಒಂದನೆಯ ಗೂಡಿನ ಮೇಲಿಟ್ಟಳು. ತಂದಳು: ಮೂರು. ಕಳೆದಳು: ಎರಡು. ಸೊನ್ನೆಯಲ್ಲ. ಒಂದಕ್ಕೆ ಹಾರಿದಳು. ಎಂಟರದ್ದನ್ನು ತಾ. ಎಂಟರಲ್ಲಿ ಎಷ್ಟಿದೆ? ಬಾಯ್ಲರಣ್ಣ ಕಿತ್ತುಕೊಂಡು ಬಂದ ಚೀಟಿ ನೆನಪಾಯಿತು. ಹಗ್ಗದ್ದು ಹಗ್ಗದಲ್ಲೇ ಇದೆ. ವಾಪಸ್ ಇಡು ಎಂದು ಯಾರೂ ಹೇಳಿಲ್ಲ. ಮೂರೇ ಇದೆ. ಮತ್ತೆ ಮೂರು, ಮತ್ತೆ ಎರಡು, ಮತ್ತೆ ಹಾರು. ಇನ್ನೊಂದು ಸುತ್ತು. ಮೂರು, ಎರಡು, ಹಾರು.

‘ಬಾಗಿಲು ತೆರೆಯುವುದಿಲ್ಲ’ ಎಂದು ಬರೆದು ಹಾಳೆಯನ್ನು ಮುಂದಕ್ಕೆ ತಳ್ಳಿದಳು.

ಮ್ಯಾನೇಜರು ಬಗ್ಗಿ ನೋಡಿದ. “ಮೇಲೇ ಬರೆದಿದೆಯಲ್ಲಮ್ಮ, ಬಾಗಿಲು ತೆರೆಯುವುದು ಅಂತ?”

“ಅದು ನಮಗೆ ಬರೆದಿರೋದು ಸಾರ್. ಅದಕ್ಕಲ್ಲ.”

ಮೇಡಂ ಹಾಳೆ ಎತ್ತಿಕೊಂಡು ಗುರುತು ಹಾಕಿದಳು. “ಸರಿ ಇದೆ. ನಾನೇ ಬೇಕಂತ ಹಾಗೆ ಬರೆದಿದ್ದು. ಮೊದಲ ಸಲ ನೋಡಿದವರು ಮನಸ್ಸಲ್ಲೇ ರಿಪೇರಿ ಮಾಡಿ ಬಾಗಿಲು ತೆಗೆದುಬಿಡ್ತಾರೆ. ನಾನೂ ಕಲಿಯೋವಾಗ ತೆಗೆದಿದ್ದೆ. ಈಗ ಹೇಳಿ, ಬರೆದವರ ಉದ್ದೇಶ ಏನು? ಈಗ ಓದಬಹುದು.”

ಅತ್ತಿಗೆಯ ಮುಖ ಅರಳಿತು. “ನಾಲ್ಕನೇದು ಒಂದಕ್ಕೆ ಹಾರಬಾರದು, ಎರಡಕ್ಕೆ ಹಾರಬೇಕು. ಆಗ ಬೊಗಸೇಲಿರೋದೇ ಇಳೀತಾ ಬರತ್ತೆ. ಒಂದೇ ಅಂಕಿ ಬದಲಾಯಿಸಿದ್ರೆ ಸಾಕು.”

“ಕುರ್ಚಿ ಇವರದು,” ಎಂದಳು ಮೇಡಂ, ಮ್ಯಾನೇಜರಿನ ಕಡೆ ತಿರುಗದೆಯೇ. ಗಾಜಿನಾಚೆ ನಾದಿನಿ ಸದ್ದು ಕೇಳದೆಯೂ ಮುಖ ನೋಡಿಯೇ ತಿಳಿದುಕೊಂಡು, ಮಡಚಿದ್ದ ಹಾಸುಬಟ್ಟೆಯನ್ನು ಬಿಚ್ಚಿ ಬಾವುಟದಂತೆ ಬೀಸಿದಳು. ಮೇಲ್ವಿಚಾರಕಿ ಗದರಿದಳು. ನಾದಿನಿ ಇನ್ನೊಂದು ಸಲ ಬೀಸಿಯೇ ಮಡಚಿಟ್ಟಳು.

ಕುರ್ಚಿ ಸಿಕ್ಕಿದ್ದೇ ಕತೆಯಾಗಿದ್ದರೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ನಮ್ಮವರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ನಮ್ಮವರ ಕೈಯಿಂದಲೇ ನಮ್ಮ ಕೈ ಸುಡಿಸುವ ವಿದ್ಯೆ ಯಜಮಾನರಿಗೆ ಹೊಸದಲ್ಲ. ಅತ್ತಿಗೆ ಗಾಜಿನ ಕೋಣೆಗೆ ಹೋದ ವಾರದಲ್ಲೇ ಮ್ಯಾನೇಜರು ಒಂದು ತುಂಡು ಕಾಗದ ಹಿಡಿದು ಬಂದ.

“ಒಣಗಿಸೋ ಡ್ರಮ್ಮುಗಳದ್ದು. ತಣಿಯೋ ಹೊತ್ತು ಇನ್ನೂ ಅರ್ಧ ಮಾಡ್ಬೇಕು. ಮೇಲಿಂದ ಬಂದಿದೆ. ಹಾಕಿಬಿಡಿ.”

ಅವಳು ಪರದೆಯ ಮೇಲೆ ಆ ಅಂಕಿಯನ್ನು ತೆರೆದಳು. ಸಿಕ್ಕಿತು. ಇಷ್ಟು ದಿನ ಹೆಂಗಸರ ಕೈ ಸುಟ್ಟದ್ದು ಇದೇ, ಒಂದು ಪುಟ್ಟ ಗೂಡು, ಅದರಲ್ಲೊಂದು ಬಡಪಾಯಿ ಅಂಕಿ. ಹೊಸದನ್ನು ಬರೆದಳು. ಒಂದು ಗುಂಡಿ ಒತ್ತಿದರೆ ಆಯಿತು; ಬೊಗಸೆ ಗೂಡಿಗೆ ಇಡುತ್ತದೆ, ಬೆರಳು ಮುಂದೆ ಹೋಗುತ್ತದೆ, ಯಾಕೆ ಎಂದು ಕೇಳುವ ಅಂಗ ಅಲ್ಲೆಲ್ಲೂ ಇಲ್ಲ. ಇಡೀ ಸಾಲಿನಲ್ಲಿ ಆ ಅಂಗ ಇರುವುದು ಒಂದೇ ಕಡೆ, ಗುಂಡಿಯ ಮೇಲಿರುವ ಈ ಕೈಯಲ್ಲಿ. ಅವಳು ಅದನ್ನು ಗುಂಡಿಯಿಂದ ತೆಗೆದು ಮೇಲೆತ್ತಿದಳು.

ಮ್ಯಾನೇಜರಿಗೆ ತಲೆಬುಡ ತಿಳಿಯಲಿಲ್ಲ. “ಏನು? ಹೊರಗೆ ಹೋಗ್ಬೇಕಾ?”

“ಇಲ್ಲ ಸಾರ್. ಈ ಸಾಲು ನನಗೆ ಅರ್ಥ ಆಗಿಲ್ಲ.”

“ಅರ್ಥ ಆಗೋದೇನಿದೆ ಅದರಲ್ಲಿ? ಹಳೇದು ತೆಗೀರಿ, ಹೊಸದು ಹಾಕಿ.”

“ಅದು ಅರ್ಥ ಆಯ್ತು. ಯಾಕೆ ಅನ್ನೋದು ಅರ್ಥ ಆಗಿಲ್ಲ. ಯಾರು ಹೇಳಿದ್ದು, ಸುಟ್ಟ ಕೈ ನೋಡಿ ಹೇಳಿದ್ದೋ ನೋಡದೆ ಹೇಳಿದ್ದೋ, ಅದೂ ಅರ್ಥ ಆಗಿಲ್ಲ.”

“ನೀವು ಈ ಕುರ್ಚೀಲಿ ಕೂತು ವಾರ ಆಗಿಲ್ಲ. ಹೇಳಿದ್ದನ್ನ ಮಾಡೋಕೆ ಕೂರಿಸಿರೋದು ನಿಮ್ಮನ್ನ.”

“ಹೇಳಿದ್ದನ್ನ ಮಾಡೋಕೆ ಅದಿದೆಯಲ್ಲ ಸಾರ್,” ಅವಳು ಪೆಟ್ಟಿಗೆಯ ಕಡೆ ಗಲ್ಲ ತಿರುಗಿಸಿದಳು. “ನನಗಿಂತ ಚೆನ್ನಾಗಿ ಮಾಡತ್ತೆ. ನನ್ನನ್ನೂ ಅದಕ್ಕೇ ಕೂರಿಸಿದ್ರೆ ಒಂದು ಕುರ್ಚಿ ದಂಡ.”

ಕೈ ಮೇಲೆಯೇ ಇತ್ತು. ಗಾಜಿನಾಚೆ ನಾದಿನಿ ಮೊದಲು ನೋಡಿದಳು. ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ಅದೂ ಹೊರಗೆ ಹೋಗುವ ಅಪ್ಪಣೆಯ ತಮಾಷೆಯೇ ಇರಬೇಕು. ಮತ್ತೊಮ್ಮೆ ನೋಡಿದಳು. ಆಗ ಮ್ಯಾನೇಜರಿನ ಮುಖ, ಪರದೆಯ ಬೆಳಕು, ಇಳಿಯದ ಆ ಕೈ ಎಲ್ಲವೂ ಒಟ್ಟಿಗೆ ಕಂಡಿರಬೇಕು. ಹಿಡಿದಿದ್ದ ಹಾಸುಬಟ್ಟೆ ಮೇಜಿಗೆ ಬಿತ್ತು. ಪಟ್ಟೆಪಟ್ಟೆಯ ತೋಳು ಮೇಲೆ ಹೋಯಿತು. ದೊಡ್ಡಮ್ಮ ಕನ್ನಡಕ ಸರಿಪಡಿಸಿಕೊಂಡು ಅವಳನ್ನು ನೋಡಿದಳು, ಗಾಜಿನ ಕೋಣೆ ನೋಡಿದಳು, ತಾನೂ ಎತ್ತಿದಳು. ಬಾಯ್ಲರಿನ ಬಾಗಿಲಲ್ಲಿ ಮಸಿ ಹತ್ತಿದ ಇನ್ನೊಂದು ಕೈ. ಓದುಕೂ‌ಟಕ್ಕೆ ಎಂದೂ ಬಾರದವರೂ ಒಬ್ಬೊಬ್ಬರಾಗಿ. ಡ್ರಮ್ಮುಗಳು ಮಾತ್ರ ಏನೂ ತಿಳಿಯದೆ ಉರುಳುತ್ತಿದ್ದವು.

ಮ್ಯಾನೇಜರು ಗಾಜಿನಾಚೆ ನೋಡಿದ. ಬಾಯಿ ತೆರೆದಾಗ ಹಳೆಯ ಮಾತು ನಾಲಿಗೆಯ ತುದಿಗೆ ಬಂದದ್ದು ಅತ್ತಿಗೆಗೆ ಕಾಣಿಸಿತು, ಆದರೆ ಅದನ್ನು ಆಡಲು ಈಗ ಪೆಟ್ಟಿಗೆಯ ಬೆನ್ನ ಹಿಂದೆ ಜಾಗ ಇರಲಿಲ್ಲ. ಅಲ್ಲಿ ಅವಳು ಕುಳಿತಿದ್ದಳು. ಅವನು ಕಾಗದವನ್ನು ಮಡಚಿದ, ಬಿಚ್ಚಿದ. ಮೂಲೆಯಲ್ಲಿದ್ದ ಸ್ಟೂಲು ಎಳೆದು ಕುಳಿತ.

“ಸರಿ,” ಎಂದ. “ಹೇಳ್ತೀನಿ, ಕೇಳಿ.”

“ನನಗೊಬ್ಬಳಿಗಲ್ಲ ಸಾರ್,” ಎಂದಳು ಅತ್ತಿಗೆ. ಒಂದು ಕೈ ಎತ್ತಿಕೊಂಡೇ ಎದ್ದು, ಇನ್ನೊಂದರಿಂದ ಗಾಜಿನ ಬಾಗಿಲನ್ನು ಅಗಲಕ್ಕೆ ತೆರೆದಳು.